ಆರು ಅಡಿ ಮೂರು ಇಂಚಿನ ಮೇಜು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ, ಕುರ್ಚಿಯಲ್ಲಿ ಕೂತು ಚಹಾ ಬರುವಷ್ಟರಲ್ಲಿ ನನ್ನ ಬಲಗೈ ಹೇಳದೆ ಕೇಳದೆ ಮೇಜಿನ ಕೆಳಗೆ ಹೋಗಿರುತ್ತದೆ. ಮೇಜಿನ ಮೇಲ್ಭಾಗವನ್ನು ಎಲ್ಲರೂ ನುಣುಪು ಮಾಡಿಸುತ್ತಾರೆ. ಅದು ನೋಡುವವರಿಗಾಗಿ. ಕೆಳಭಾಗವನ್ನು ಬಡಿಗ ಹೇಗೆ ಬಿಟ್ಟಿದ್ದಾನೆ ಎಂದು ಬೆರಳಿನಿಂದ ಓದಿದರೆ ಮೇಜಿನ ಸ್ವಭಾವ ತಿಳಿಯುತ್ತದೆ. ಒಮ್ಮೆ ಪ್ರಾಚಾರ್ಯರ ಮನೆಯಲ್ಲಿ ಹೀಗೆ ಓದುತ್ತಿದ್ದಾಗ ಒಂದು ಸಿಬಿರು ತೋರುಬೆರಳಿಗೆ ಹೊಕ್ಕಿತು. ಕೈ ಹೊರಗೆ ತೆಗೆಯುವ ಧೈರ್ಯವಾಗದೆ ಚಹಾ, ಬಿಸ್ಕತ್ತು, ಆಮೇಲೆ ಕೊಟ್ಟ ಬಾಳೆಹಣ್ಣು ಎಲ್ಲವನ್ನೂ ಎಡಗೈಯಲ್ಲೇ ಮುಗಿಸಿದೆ. ಕಾಲೇಜಿನಲ್ಲಿ ಗಣಿತ ಕಲಿಸುವ ಬಾಯಿಯವರು, ಅಂದರೆ ನಾನು, ಎಡಚರು ಎಂದು ಅವರ ಪತ್ನಿ ಇಂದಿಗೂ ನಂಬಿದ್ದಾರೆ. ನಾನೂ ತಿದ್ದಿಲ್ಲ.

ಈ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೇಳು ವರ್ಷದವರೆಗೆ ಮೇಜು ಎಂದರೆ ನನ್ನ ಪಾಲಿಗೆ ನಾಲ್ಕು ಕಾಲಿನ ಮೇಲೆ ನಿಂತ ಒಂದು ಆಯತ, ಅಷ್ಟೆ. ಉದ್ದವನ್ನು ಅಗಲದಿಂದ ಗುಣಿಸಿದರೆ ಅದರ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿಯಿತು ಎಂದುಕೊಂಡಿದ್ದೆ.

ಯೋಚಿಸಿ ನೋಡಿದರೆ ನಮ್ಮ ಕಡೆಯ ಮನೆಗಳಿಗೆ ಮೇಜು ಹೊಸ ನೆಂಟ. ಮಂಚ ನಮ್ಮದು, ಮಣೆ ನಮ್ಮದು, ತೊಟ್ಟಿಲು ನಮ್ಮದು. ಮೇಜು ಮತ್ತು ಕುರ್ಚಿ ಹೆಸರಿನ ಸಮೇತ ದೂರದಿಂದ ಬಂದವು. ಬಂದವು ನೇರವಾಗಿ ಕಚೇರಿಗೆ ಹೋಗಿ ಕೂತವು. ನಿಜಾಮರ ಕಾಲದ ಕಚೇರಿಯಲ್ಲಿ ಅವುಗಳ ಆ ಬದಿಗೆ ಒಬ್ಬನೇ ಕೂತಿರುತ್ತಿದ್ದ, ಈ ಬದಿಗೆ ಊರೆಲ್ಲ ನಿಂತಿರುತ್ತಿತ್ತು. ಹಾಗಾಗಿ ಮೇಜು ಎಂದರೆ ಹಿಂದಿನವರಿಗೆ ಸ್ವಲ್ಪ ಅಂಜಿಕೆ. ನಮ್ಮ ಮನೆಯಲ್ಲಿ ಓದು, ಬರಹ, ಊಟ, ಜಗಳ ಎಲ್ಲವೂ ನೆಲದ ಮೇಲೆಯೇ ನಡೆದವು. ನಾನು ಎಂ.ಎ.ವರೆಗೆ ಓದಿದ್ದು ಹೊಟ್ಟೆಯ ಮೇಲೆ ಮಲಗಿ, ಗೋಧಿಯ ಡಬ್ಬಿಗೆ ಪುಸ್ತಕ ಒರಗಿಸಿ.

ಹುಮನಾಬಾದಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ, ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ ಮೇಲೆ ಬೆನ್ನು ಮಾತಾಡಲು ತೊಡಗಿತು. ಉತ್ತರಪತ್ರಿಕೆಯ ಕಟ್ಟುಗಳನ್ನು ನೆಲದ ಮೇಲೆ ಹರಡಿಕೊಂಡು ತಿದ್ದುತ್ತಿದ್ದರೆ ಎರಡನೆಯ ಕಟ್ಟಿಗೆ ಸೊಂಟ, ಮೂರನೆಯದಕ್ಕೆ ಕುತ್ತಿಗೆ. ನನಗೊಂದು ಮೇಜು ಬೇಕು ಅನಿಸಿತು. ಪೇಟೆಯಲ್ಲಿ ಸಿಗುವಂಥದ್ದಲ್ಲ, ನನ್ನ ಅಳತೆಯದು, ನನ್ನದು. ನೂರ ಇಪ್ಪತ್ತು ಸೆಂಟಿಮೀಟರ್ ಉದ್ದ, ಅರವತ್ತು ಅಗಲ, ಎಪ್ಪತ್ತಾರು ಎತ್ತರ. ಬಿಳಿ ಹಾಳೆಯ ಮೇಲೆ ಪಟ್ಟಿ ಹಿಡಿದು ಮೂರು ಕಡೆಯಿಂದ ನಕ್ಷೆ ಬರೆದೆ. ನಕ್ಷೆ ಬಹಳ ಚೆನ್ನಾಗಿ ಬಂದಿತ್ತು. ಕಟ್ಟಿಗೆ ಎಲ್ಲಿಂದ ಬರಬೇಕು ಎಂಬುದೊಂದೇ ಅದರಲ್ಲಿ ಇರಲಿಲ್ಲ.

ಕಟ್ಟಿಗೆ ಬಸವಕಲ್ಯಾಣದ ನಮ್ಮ ಮನೆಯಲ್ಲಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಊರಿನ ಹಳೆಯ ವಾಡೆಯೊಂದನ್ನು, ಅಂದರೆ ದೊಡ್ಡ ಮನೆಯನ್ನು, ಕೆಡವಿದರು. ಅದರ ಒಂದು ಸಾಗವಾನಿ ತೊಲೆಯನ್ನು ಅಪ್ಪ ತಂದು, ಮೂರು ಹಲಗೆ ಕೊಯ್ಯಿಸಿ, ಹಿಂದಿನ ಕೋಣೆಯಲ್ಲಿ ಇಟ್ಟಿಗೆಯ ಮೇಲೆ ಅಡ್ಡ ಮಲಗಿಸಿದ್ದರು. ಒಂದೊಂದೂ ಆರು ಅಡಿ ಮೂರು ಇಂಚು. ಯಾಕೆಂದರೆ ಅದು ನನ್ನ ಮದುವೆಯ ಮಂಚಕ್ಕೆ. ನಮ್ಮಲ್ಲಿ ಹೆಣ್ಣುಮಗಳಿಗೆ ಮಂಚ ಕೊಡುವುದುಂಟು, ಹಸಿ ಕಟ್ಟಿಗೆಯ ಮಂಚ ಕೊಟ್ಟರೆ ಮುಂದೆ ಕಿರುಗುಟ್ಟಿ ಮನೆಯ ಮಾನ ಕಳೆಯುತ್ತದೆ ಎಂಬ ಅಂಜಿಕೆಯೂ ಉಂಟು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅವ್ವ ಅಣ್ಣ ಮತ್ತು ವೈನಿಯ, ಅಂದರೆ ಅತ್ತಿಗೆಯ, ಸಂಸಾರದಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇದ್ದಳು. ಪ್ರತಿ ದೀಪಾವಳಿಗೆ ಕೋಣೆ ಸಾರಿಸುವಾಗ ಆ ಹಲಗೆಗಳ ಧೂಳು ತಾನೇ ಒರೆಸಿ, ಮಗ್ಗಲು ಬದಲಿಸಿ ಇಡುತ್ತಿದ್ದಳು. ವೈನಿಗೆ ಮುಟ್ಟಲು ಕೊಡುತ್ತಿರಲಿಲ್ಲ.

ಮದುವೆ ಆಗುವುದಿಲ್ಲ ಎಂದು ನಾನು ಎಂದೂ ಹೇಳಿರಲಿಲ್ಲ. ಆಗುತ್ತೇನೆ ಎಂದೂ ಹೇಳಿರಲಿಲ್ಲ. ಗಣಿತದಲ್ಲಿ ಇಂಥ ಸ್ಥಿತಿಗೆ ಮರ್ಯಾದೆಯ ಹೆಸರುಗಳಿವೆ, ಮನೆಯಲ್ಲಿ ಇಲ್ಲ. ಒಂದು ಭಾನುವಾರ ಅವ್ವ ಶೇಂಗಾ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು, ಹಿಂದಿನ ಕೋಣೆಯ ಹಲಗೆಯಲ್ಲಿ ನನಗೊಂದು ಮೇಜು ಮಾಡಿಸಲೇ ಎಂದು ಕೇಳಿದೆ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಳು ಬಿಡಿಸುವುದು ಮಾತ್ರ ಸ್ವಲ್ಪ ಜೋರಾಯಿತು. ನಾನು ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡೆ. ಓದಿದವರು ತಮಗೆ ಬೇಕಾದ ಕಡೆ ಲೆಕ್ಕ ಹೀಗೆ ಬೇಗ ಮುಗಿಸುತ್ತಾರೆ.

ಮಾನಪ್ಪ ಕಾಕಾ ನಮ್ಮ ಓಣಿಯ ಕೊನೆಯ ಬಡಿಗರು, ಅಪ್ಪನ ಗೆಳೆಯರು. ಹಲಗೆಗಳು ಅವರ ಅಂಗಡಿಗೆ ಹೋದವು. ಬಂಡಿಯಲ್ಲಿ ಹೋದದ್ದು ಇನ್ನೂರು ಹೆಜ್ಜೆ. ಸುದ್ದಿ ಅದಕ್ಕೂ ಮುಂಚೆ ಹೋಗಿತ್ತು. ಹೆಣ್ಣುಮಗಳಿರುವ ಮನೆಯಿಂದ ಸಾಗವಾನಿ ಹೊರಬಿದ್ದರೆ ಅರ್ಥ ಒಂದೇ. ಸಂಜೆಯೊಳಗೆ ನಾಲ್ಕು ಮನೆಯವರು ಬಂದು ಅವ್ವನನ್ನು ವರ ಎಲ್ಲಿಯವನು ಎಂದು ಕೇಳಿದರಂತೆ. ಒಬ್ಬರು ಹುಲಸೂರಿನವನೇ ಇರಬೇಕು ಎಂದು ತಾವೇ ತೀರ್ಮಾನಿಸಿ, ಆ ಊರಿನವರ ಗುಣದೋಷಗಳನ್ನು ವಿವರಿಸಿ ಹೋದರಂತೆ. ಆ ಇಲ್ಲದ ಹುಲಸೂರಿನವನ ಬಗ್ಗೆ ನನಗೆ ಈಗಲೂ ಒಂದು ಬಗೆಯ ದಾಕ್ಷಿಣ್ಯವಿದೆ. ಅವ್ವ ಯಾರಿಗೂ ಹೌದು ಅಲ್ಲ ಹೇಳದೆ ಎಲ್ಲರಿಗೂ ಸಕ್ಕರೆ ಕಮ್ಮಿ ಹಾಕಿ ಚಹಾ ಕೊಟ್ಟಳೆಂದು ವೈನಿ ಹೇಳಿದರು.

ಮುಂದಿನ ಭಾನುವಾರ ಬಸ್ಸಿಳಿದು ನೇರ ಅಂಗಡಿಗೆ ಹೋದೆ. ಹಲಗೆಗಳು ಗೋಡೆಗೆ ಒರಗಿದ್ದವು, ಹಾಗೆಯೇ. ಮೂರನೆಯ ಭಾನುವಾರವೂ ಹಾಗೆಯೇ. ಯಾಕೆ ಎಂದು ಕೇಳಿದೆ. ಮಾನಪ್ಪ ಕಾಕಾ ಉಳಿ ಮಸೆಯುವುದನ್ನು ನಿಲ್ಲಿಸದೆ ಹೇಳಿದರು:

“ಇದನ್ನ ಇಷ್ಟು ವರ್ಷ ಜ್ವಾಪಾನ ಮಾಡಿದಾಕಿ ನಿಮ್ಮವ್ವ. ಆಕಿ ಬಂದು ‘ಕೊಯ್ರಿ’ ಅನ್ನಬೇಕು. ಅಲ್ಲೀತನ ನಾ ಗರಗಸ ಹಚ್ಚಂಗಿಲ್ಲ ತಂಗಿ.”

ಅದು ಅವರ ಪದ್ಧತಿ. ಯಾರದೋ ಹೆಸರಿನಲ್ಲಿ ಕಾದಿಟ್ಟ ಕಟ್ಟಿಗೆಯನ್ನು, ಕಾದಿಟ್ಟವರ ಬಾಯಿಂದ ಆ ಮಾತು ಬರುವವರೆಗೆ ಕೊಯ್ಯುತ್ತಿರಲಿಲ್ಲ. ಹಿಂದೊಮ್ಮೆ ಯಾರದೋ ಮನೆಯಲ್ಲಿ ಅಣ್ಣನ ಮಾತು ಕೇಳಿ ತಮ್ಮನ ಪಾಲಿನ ತೊಲೆ ಕೊಯ್ದು ಎರಡು ಮನೆಗಳ ಮಾತು ಮುರಿದದ್ದನ್ನು ಹೇಳಿದರು. ತಪ್ಪಿ ಹೊಲಿದ ಅಂಗಿಯನ್ನು ಬಿಚ್ಚಬಹುದು, ಕೊಯ್ದ ಹಲಗೆಯನ್ನು ಉದ್ದ ಮಾಡುವ ಹತಾರ ಇನ್ನೂ ಬಂದಿಲ್ಲವಂತೆ. ನಾನು ಮನೆಗೆ ಹೋಗಿ ಅವ್ವನಿಗೆ ವಿಷಯ ಹೇಳಿದೆ. ನಾಳೆ ಹೋಗುತ್ತೇನೆ ಎಂದಳು. ಅವಳ ನಾಳೆ ಏಳು ವಾರ ನಡೆಯಿತು.

ಆ ಏಳು ಭಾನುವಾರಗಳೇ ನನ್ನನ್ನು ಕೆಡಿಸಿದ್ದು. ಕೊಯ್ಯದಿದ್ದರೂ ಕೆಲಸ ನಿಲ್ಲಬಾರದು ಎಂದು ಮಾನಪ್ಪ ಕಾಕಾ ಹಲಗೆಗಳ ಮೈ ತಿದ್ದಲು ಶುರು ಮಾಡಿದರು. ನಾನು ಮೂಲೆಯ ಮೊಂಡು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಮೊದಲು ಬಾಚಿಯಿಂದ ಹಳೆಯ ಗಂಟುಗಳನ್ನು ಕೆತ್ತಿದರು. ಆಮೇಲೆ ರಂದಾ. ಆ ಉಜ್ಜುಗೊರಡಿನ ಕಟ್ಟಿಗೆ ಅವರ ಅಂಗೈಯ ಬೆವರಿಗೆ ಕಪ್ಪಾಗಿ, ಹಿಡಿಯುವ ಕಡೆ ಹೆಬ್ಬೆರಳಿನಷ್ಟು ತಗ್ಗು ಬಿದ್ದಿತ್ತು. ಅದು ಓಡಿದಲ್ಲೆಲ್ಲ ವಾಡೆಯ ಹೊಗೆ ಹಿಡಿದ ಕರಿ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಿದ್ದು, ಕೆಳಗಿನಿಂದ ಜೇನಿನ ಬಣ್ಣ ಕಾಣಿಸಿತು. ಎಷ್ಟೋ ವರ್ಷ ಬೇರೆಯವರ ಮಾಳಿಗೆ ಹೊತ್ತ ಕಟ್ಟಿಗೆಗೆ ಇನ್ನೂ ಹಸಿರು ಎಲೆಯ ಹಾಗೆ ಕಮ್ಮಗಿನ ವಾಸನೆಯಿತ್ತು.

ಒಂದು ದಿನ ನನ್ನ ಕೈಗೂ ರಂದಾ ಕೊಟ್ಟರು. ನಾನು ನಾಲ್ಕು ಸಲ ತಳ್ಳಿದೆ, ನಾಲ್ಕು ಸಲವೂ ಅದು ಬಿಕ್ಕಳಿಸಿ ನಿಂತಿತು. ನಾನು ಕಟ್ಟಿಗೆಯ ನಾರಿನ ಎಳೆಗೆ ಎದುರಾಗಿ ತಳ್ಳುತ್ತಿದ್ದೇನೆ, ಕಟ್ಟಿಗೆ ಯಾವ ಕಡೆಯಿಂದ ಬೆಳೆದಿದೆ ನೋಡಬೇಕು ಎಂದರು. ನೋಡಿದೆ. ಏನೂ ಕಾಣಲಿಲ್ಲ. “ಕಣ್ಣಿಲೆ ಅಲ್ಲ, ಬೆರಳಿಲೆ ನೋಡು,” ಎಂದು ನನ್ನ ಬೆರಳನ್ನು ಹಲಗೆಯ ಮೇಲೆ ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆಸಿದರು. ಒಂದು ಕಡೆ ಬೆಕ್ಕಿನ ಬೆನ್ನು, ಇನ್ನೊಂದು ಕಡೆ ಬೆಕ್ಕಿನ ನಾಲಗೆ. ಆವತ್ತಿನಿಂದಲೇ ಈ ಬೆರಳಿಗೆ ಹುಚ್ಚು ಹಿಡಿದದ್ದು.

ಬಸವಕಲ್ಯಾಣದವರು ಕೆಲಸದ ಬಗ್ಗೆ ಬರೆದರೆ ಕಾಯಕ ಎಂಬ ಮಾತು ಬಂದೇ ಬರಬೇಕು ಎಂದು ಓದುವವರು ಕಾಯುತ್ತಾರೆ. ಮಾನಪ್ಪ ಕಾಕಾ ಆ ಮಾತನ್ನು ನನ್ನೆದುರು ಒಮ್ಮೆಯೂ ಆಡಲಿಲ್ಲ. ಸುಮ್ಮನೆ ಕೆಲಸ ಅನ್ನುತ್ತಿದ್ದರು. ಬೇಸರವಾದ ದಿನ ಧಂದೆ ಅನ್ನುತ್ತಿದ್ದರು. ಆದರೆ ಹಲಗೆಯ ಕೆಳಮೈಯನ್ನೂ ಮೇಲ್ಮೈಯಷ್ಟೇ ಹೊತ್ತು ಉಜ್ಜಿದರು. ಯಾರು ನೋಡುತ್ತಾರೆ ಎಂದು ನಾನು ಕೇಳಿದ್ದಕ್ಕೆ, ಮೇಜಿನ ಕೆಳಗೆ ಮೊಣಕಾಲು ಇರುತ್ತದಲ್ಲ, ಅದಕ್ಕೂ ತಿಳಿಯುತ್ತದೆ ಎಂದರು.

ಪರೀಕ್ಷೆಯ ಮೇಲ್ವಿಚಾರಣೆ ಬಂದು ಎರಡು ವಾರ ನಾನು ಊರಿಗೆ ಹೋಗಲಾಗಲಿಲ್ಲ. ಹೋದಾಗ ಅಂಗಡಿಯ ನಡುವೆ ಮೇಜು ನಿಂತಿತ್ತು. ನಾನು ಬಾಗಿಲಲ್ಲೇ ನಿಂತೆ. ಅದು ಮೇಜೋ, ಉದ್ದನೆಯ ಒಂದು ಓಣಿಯೋ ತಿಳಿಯಲಿಲ್ಲ. ಮೂರು ಹಲಗೆಗಳನ್ನು ಪಕ್ಕಪಕ್ಕಕ್ಕೆ, ಗೆರೆ ಕಾಣದಂತೆ ಕೂಡಿಸಿದ್ದರು. ಕಾಲು ಮತ್ತು ಚೌಕಟ್ಟು ತಮ್ಮ ಅಂಗಡಿಯ ಜಾಲಿ ಕಟ್ಟಿಗೆಯಲ್ಲಿ ಮಾಡಿದ್ದರು. ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಬಿದಿರಿನ ಗೂಟ. ಕೆಲಸ ನೋಡಿದರೆ ಕಣ್ಣು ತಣಿಯುತ್ತಿತ್ತು. ಉದ್ದ ಮಾತ್ರ ಆರು ಅಡಿ ಮೂರು ಇಂಚು.

ನನ್ನ ನಕ್ಷೆ ಎಲ್ಲಿ ಎಂದು ಕೇಳಿದೆ. ಗೋಡೆಯ ಮೇಲೆ, ಮೌನೇಶ್ವರನ ಪಟದ ಪಕ್ಕದಲ್ಲಿ, ಗೌರವದಿಂದ ಅಂಟಿಸಿದ್ದನ್ನು ತೋರಿಸಿದರು. ಅವ್ವ ಬಂದಿದ್ದಳಂತೆ. ಅರ್ಧ ಗಂಟೆ ಹಲಗೆಗಳ ಮೇಲೆ ಕೈಯಾಡಿಸುತ್ತ ಕೂತಿದ್ದಳಂತೆ. ಆಮೇಲೆ ಹೇಳಿದ್ದು ಇಷ್ಟೇ: “ಕೂಡಸ್ರಿ ಮಾನಪ್ಪಣ್ಣ. ಕೊಯ್ಯೂದು ಮಾತ್ರ ಬ್ಯಾಡ.”

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ದನಿ ಏರಿಸುವುದಿಲ್ಲ, ದಶಾಂಶ ಬಿಂದುವಿನವರೆಗೆ ಹೋಗುತ್ತೇನೆ. ನನ್ನ ಕೋಣೆಯ ಅಳತೆ, ಬಾಗಿಲು ತೆರೆಯುವ ಕೋನ, ಕಿಟಕಿಯ ದೂರ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೊಡತಿಯಿಂದ ಒಂದು ಗೂಟವನ್ನು ಮೆಲ್ಲಗೆ ತಟ್ಟಿ ಹೊರಗೆ ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಇಂಥಾವು ಹದಿನಾರು ಅದಾವ. ತೆಗದರ ಹಲಗಿ ಹೆಂಗಿದ್ದವು ಹಂಗ ಬರ್ತಾವ. ನಾಳಿ ಮಂಚ ಬೇಕಂದ್ರ ಮಂಚ. ನಿಮ್ಮವ್ವಂದೂ ಮಾತು ಉಳೀತು, ನಿಂದೂ ಕೆಲಸ ಆತು. ಉದ್ದ ಆತಲ್ಲ, ಅದು ನನ್ನ ತಪ್ಪಲ್ಲ, ನಿಮ್ಮಪ್ಪಂದು.”

ಅಂದರೆ ನನಗೆ ಸಿಕ್ಕದ್ದು ಮೇಜಲ್ಲ, ಮೇಜಿನ ವೇಷದಲ್ಲಿ ಕಾಯುತ್ತಿರುವ ಮಂಚ. ಅದನ್ನು ಜೋಳದ ಚೀಲದ ಲಾರಿಯಲ್ಲಿ ಹುಮನಾಬಾದಿಗೆ ತಂದದ್ದಾಯಿತು. ಕೋಣೆಯಲ್ಲಿ ಇಟ್ಟ ಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ನಾನು ನನ್ನ ಮನೆಯೊಳಗೆ ವರ್ಷವಿಡೀ ಅಡ್ಡಡ್ಡ ನಡೆದೆ. ನೋಡಲು ಬಂದ ಸಹೋದ್ಯೋಗಿಯೊಬ್ಬರು ಇದರ ಹಾಸಿಗೆ ಎಲ್ಲಿ ಎಂದು ಕೇಳಿದರು. ನಾನು ನಗಲಿಲ್ಲ.

ಕಳಿಸುವಾಗ ಮಾನಪ್ಪ ಕಾಕಾ ಮೇಜಿಗೆ ಮೆರುಗು ಹಚ್ಚಿರಲಿಲ್ಲ. ಗಾಜಿನ ಚೂರಿನಿಂದ ಕೊನೆಯ ಸಲ ಹೆರೆದು, ನುಣ್ಣನೆಯ ಇಟ್ಟಿಗೆ ಪುಡಿಯಿಂದ ಉಜ್ಜಿ, ಬರಿಮೈಯಲ್ಲಿ ಬಿಟ್ಟಿದ್ದರು. ಮುಂದಿನದು ನಿನ್ನ ಕೈಯಿಂದ ಆಗಬೇಕು ಎಂದು ಗಾಣದ ಅಗಸೆ ಎಣ್ಣೆಯ ಒಂದು ಬಾಟಲಿ ಕೊಟ್ಟರು. ಬಟ್ಟೆಯಿಂದಲ್ಲ, ಅಂಗೈಯಿಂದ ಉಜ್ಜಬೇಕು, ಅಂಗೈ ಬಿಸಿಯಾಗುವಷ್ಟು. ಕುಡಿದಷ್ಟು ಕುಡಿಸಿ, ಮಿಕ್ಕದ್ದನ್ನು ಒರೆಸಿ, ಒಣಗಲು ಬಿಡಬೇಕು. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಅದು ಬೇಡ ಅನ್ನುವವರೆಗೆ ಆಗಾಗ.

ನಾನು ಉಜ್ಜಿದೆ. ಆದರೆ ಎಷ್ಟು ಉಜ್ಜಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಟ್ಟಿ ಹಿಡಿದು ಕಿಟಕಿಯ ಕಡೆಯಿಂದ ನೂರ ಇಪ್ಪತ್ತು ಸೆಂಟಿಮೀಟರ್ ಅಳೆದು, ಅಲ್ಲಿಯವರೆಗೆ ಮಾತ್ರ ಎಣ್ಣೆ ಕುಡಿಸಿದೆ. ಅದು ನನ್ನ ಮೇಜು. ಉಳಿದ ಎರಡೂ ಕಾಲು ಅಡಿಯನ್ನು ಎಂದಾದರೂ ಒಂದು ದಿನ ಕೊಯ್ಯಿಸುವವಳು, ಅದಕ್ಕೇಕೆ ಎಣ್ಣೆ? ನನ್ನ ಕಡೆ ದಿನದಿಂದ ದಿನಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗಿ, ಒಳಗಿನಿಂದ ಬೆಳಕು ಬಿಟ್ಟಂತಾಯಿತು. ಆಚೆಯ ಕಡೆ ಒಣಗಿದ ಹೊಲದ ಹಾಗೆ ಬಿಳಿಚಿಕೊಂಡು ಉಳಿಯಿತು. ನಡುವಿನ ಗೆರೆ ನೆಟ್ಟಗಿತ್ತು. ನನ್ನ ಗೆರೆಗಳು ಯಾವಾಗಲೂ ನೆಟ್ಟಗೇ ಇರುತ್ತವೆ.

ಎರಡು ದಿನ ಇದ್ದು ಹೋಗುತ್ತೇನೆ ಎಂದು ಅವ್ವ ಬಂದದ್ದು ಆ ಚಳಿಗಾಲದಲ್ಲಿ. ಮೇಜನ್ನು ನೋಡಿದಳು, ಮುಟ್ಟಿದಳು. ಎರಡು ದಿನ ಹದಿನೈದಾಯಿತು. ಆಮೇಲೆ ತಿಂಗಳಿಗೊಮ್ಮೆ ಬಂದು ವಾರ ಇರುವ ರೂಢಿಯಾಯಿತು. ನಾನು ಕಾಲೇಜಿನಿಂದ ಬಂದು ಈ ತುದಿಗೆ ಕೂತು ಪತ್ರಿಕೆ ತಿದ್ದುತ್ತಿದ್ದೆ. ಅವ್ವ ಮೊದಮೊದಲು ನೆಲದ ಮೇಲೆ ಕೌದಿ ಹೊಲಿಯುತ್ತಿದ್ದಳು. ಒಂದು ದಿನ ಹಳೆಯ ಸೀರೆಯ ತುಂಡುಗಳನ್ನು ಆಚೆಯ ತುದಿಯಲ್ಲಿ ಹರವಿದಳು, ಜೋಡಿಸಿ ನೋಡಲು ಅನುಕೂಲ ಎಂದು. ಮರುದಿನ ಕುರ್ಚಿ ಎಳೆದುಕೊಂಡಳು. ಕಾಲು ಕೆಳಗೆ ಬಿಟ್ಟು ಕೂರಲು ಬಾರದೆ ಕುರ್ಚಿಯ ಮೇಲೇ ಪದ್ಮಾಸನ ಹಾಕಿದಳು. ಅಲ್ಲಿಂದ ಮುಂದೆ ಆ ತುದಿಯಲ್ಲಿ ಅವಳ ಕನ್ನಡಕ, ದಾರದ ಉಂಡೆ, ಅಡಿಕೆ ಚೀಲ. ದಾರ ಪೋಣಿಸಲು ಅವಳು ಆಗಾಗ ಸೂಜಿಯನ್ನು ನನ್ನತ್ತ ಚಾಚುತ್ತಿದ್ದಳು. ನಾನು ಪೋಣಿಸಿ ಕೊಡುತ್ತಿದ್ದೆ. ಇಷ್ಟೇ ವ್ಯವಹಾರ. ಆ ಬಿಳಿಚಿದ ಹಲಗೆಯ ಮುಂದೆ ಅವಳು ಎಷ್ಟೋ ಮಧ್ಯಾಹ್ನ ಕೂತಳು, ಎದುರಿಗೇ ಆ ಗೆರೆ. ಒಮ್ಮೆಯೂ ಇದೇನು ಎಂದು ಕೇಳಲಿಲ್ಲ. ಅವಳು ಗಮನಿಸಿಲ್ಲ ಎಂದು ನಾನು ತಿಳಿದೆ.

ಯುಗಾದಿ ಕಳೆದ ಒಂದು ಬೆಳಿಗ್ಗೆ ಮಾನಪ್ಪ ಕಾಕಾ ಗೋಣಿತಟ್ಟಿನಲ್ಲಿ ಸುತ್ತಿದ ಗರಗಸ ಹಿಡಿದು ಬಾಗಿಲಲ್ಲಿ ನಿಂತರು. ನಾನು ಕರೆಸಿರಲಿಲ್ಲ. ಅವ್ವ ಹೇಳಿ ಕಳಿಸಿದ್ದಳು. ನೀರು ಕೊಟ್ಟು, ಅವರು ಕೂತ ಮೇಲೆ, ನನ್ನ ಕಡೆ ನೋಡದೆ ಅವರಿಗೇ ಹೇಳಿದಳು:

“ಆಕಿಗಿ ಎಷ್ಟ ಬೇಕೋ ಅಷ್ಟ ಇಟ್ಟು ಉಳದಿದ್ದು ಕೊಯ್ರಿ. ದಿನಾ ಆ ಮೂಲಿಗಿ ಸೊಂಟ ಬಡಸ್ಕೊಂಡು ಓಡಾಡ್ತಾಳ.”

“ವೈನಿ, ಖರೇನ ಹೇಳಾಕತ್ತೀರಿ?” ಎಂದು ಕಾಕಾ ಅವ್ವನನ್ನು ಕೇಳಿದರು.

“ಹೌದ್ರಿ. ಮಲಗಾಕ ಅಂತ ಇಟ್ಟಿದ್ವಿ. ಆಕಿ ಕೂತಾಳ. ಕೂಡ್ಲಿ.”

ಒಂಬತ್ತು ತಿಂಗಳು ನಾನು ಕಾದ ಮಾತು ಅದು. ಅದು ಬಂದಾಗ ಇಷ್ಟು ಸಣ್ಣ ದನಿಯಲ್ಲಿ ಬರುತ್ತದೆ ಎಂದು ಗೊತ್ತಿರಲಿಲ್ಲ. ಕಾಕಾ ಎದ್ದು ಗುನಿಯಾ ತೆಗೆದರು. ಮೂಲೆಗೆ ಹಿಡಿದು ನೇರ ಗೆರೆ ಎಳೆಯುವ ಆ ಕಬ್ಬಿಣದ ಮೂಲೆಮಟ್ಟವನ್ನು ಮೇಜಿನ ಮೇಲೆ ಇಡಲು ಹೋಗಿ, ಬಗ್ಗಿ ನೋಡಿ, ಮತ್ತೆ ಜೋಳಿಗೆಗೆ ಹಾಕಿದರು.

“ಗೆರಿ ಹೊಡಿಯೂದು ಬ್ಯಾಡ. ನೀ ಹೊಡದಿಟ್ಟೀಯಲ್ಲ ತಂಗಿ,” ಎಂದರು. ಅವರು ಬೈಯುತ್ತಿರಲಿಲ್ಲ. ಕೆಲಸದ ಮಾತು ಆಡುತ್ತಿದ್ದರು.

ಅವ್ವ ಆಚೆಯ ತುದಿಯಿಂದ ತನ್ನ ಸಾಮಾನು ಎತ್ತಲು ತೊಡಗಿದಳು. ಕನ್ನಡಕ, ದಾರ, ಅಡಿಕೆ ಚೀಲ. ಅರ್ಧ ಹೊಲಿದ ಕೌದಿಯನ್ನು ಮಡಚುವಾಗ ಅದರ ಅಂಚು ಸರಿಯಾಗಿ ಆ ಗೆರೆಗೆ ಬಂದು ನಿಂತಿದ್ದನ್ನು ನೋಡಿದೆ. ಒಂದು ಬೆರಳು ಕೂಡ ಈಚೆಗೆ ಇಲ್ಲ. ಇಷ್ಟು ತಿಂಗಳು ಅವಳು ನನ್ನ ಗೆರೆಯನ್ನು ಕಂಡು, ಅದರ ಆಚೆಗೇ ಹಿಡಿಸಿಕೊಂಡು ಹೊಲಿದಿದ್ದಳು. ಮರಕ್ಕೆ ಯಾವ ಕಡೆ ಎಳೆ ಇದೆ ಎಂದು ಬೆರಳಿನಿಂದ ತಿಳಿಯಲು ಕಲಿತ ನನಗೆ, ನಾಲ್ಕು ಅಡಿ ದೂರದಲ್ಲಿ ಕೂತವಳ ಬಗ್ಗೆ ಅಷ್ಟೂ ತಿಳಿದಿರಲಿಲ್ಲ.

ನನಗೆ ದೊಡ್ಡ ಮಾತು ಆಡಲು ಬರುವುದಿಲ್ಲ. “ಕೊಯ್ಯಬ್ಯಾಡ್ರಿ ಕಾಕಾ,” ಎಂದೆ. “ಅಲ್ಲಿ ಅವ್ವ ಕೂಡ್ತಾಳ.”

ಅವ್ವ ಕೌದಿ ಹಿಡಿದುಕೊಂಡೇ ನಿಂತಳು. ಸೊಂಟ ಮುರಿದುಕೊಂಡರೆ ತನ್ನನ್ನು ಕೇಳಬಾರದು ಎಂದಳು. ಕೇಳುವುದಿಲ್ಲ ಎಂದೆ. ಬಸ್ಸಿನಲ್ಲಿ ಅಷ್ಟು ದೂರದಿಂದ ಮನುಷ್ಯರನ್ನು ಕರೆಸಿ ಇದೇನು ಆಟ ಎಂದಳು. ಕರೆಸಿದವಳು ಅವಳೇ ಎಂದು ನಾನು ನೆನಪಿಸಲಿಲ್ಲ. ಮಾನಪ್ಪ ಕಾಕಾ ಗರಗಸವನ್ನು ಮತ್ತೆ ಗೋಣಿತಟ್ಟಿನಲ್ಲಿ ಸುತ್ತುತ್ತ, ತಾಯಿ ಮಗಳು ಸೇರಿ ಇದರ ಹಲ್ಲಿಗೆ ಒಂದು ದಿನವೂ ಕೆಲಸ ಕೊಡಲಿಲ್ಲವಲ್ಲ ಎಂದು ಗೊಣಗಿದರು. ಚಹಾ ಕುಡಿದು, ಹೋಗುವ ಮುಂಚೆ, ಎಣ್ಣೆಯ ಬಾಟಲಿ ಎಲ್ಲಿ ಎಂದು ಕೇಳಿದರು. ಬೆಳಕಿಗೆ ಹಿಡಿದು ನೋಡಿ, ಸಾಕಾಗುತ್ತದೆ ಎಂದರು.

ಆ ಮಧ್ಯಾಹ್ನ ಅವ್ವನ ಕಡೆಗೆ ಎಣ್ಣೆ ಕುಡಿಸಿದೆ. ಇಷ್ಟು ದಿನ ಬಾಯಾರಿದ್ದ ಹಲಗೆ, ಅಂಗೈ ಇಟ್ಟಲ್ಲೆಲ್ಲ ಹೀರಿತು. ಅವ್ವ ಸ್ವಲ್ಪ ಹೊತ್ತು ನೋಡಿ, ನಿನಗೆ ಉಜ್ಜಲು ಬರುವುದಿಲ್ಲ ಎಂದು ಬಳೆ ಮೇಲೆ ಸರಿಸಿ ತಾನೂ ಕೈ ಹಚ್ಚಿದಳು. ರೊಟ್ಟಿ ಬಡಿದ ಕೈ. ನನ್ನದಕ್ಕಿಂತ ಬೇಗ ಬಿಸಿಯಾಗುತ್ತದೆ.

ಬಣ್ಣ ಇನ್ನೂ ಸರಿಹೊಂದಿಲ್ಲ. ತಡವಾಗಿ ಎಣ್ಣೆ ಕುಡಿದ ಕಡೆ ತುಸು ತಿಳಿಯಾಗಿಯೇ ಇದೆ, ಗೆರೆ ಮಾತ್ರ ಎಲ್ಲಿತ್ತೆಂದು ಈಗ ನನಗೂ ಖಚಿತವಾಗಿ ಹೇಳಲು ಬಾರದು. ಎರಡೂ ಕಡೆ ಒಂದೇ ಬಣ್ಣ ಆಗಲು ಎಷ್ಟು ವರ್ಷ ಬೇಕು ಎಂದು ಕಾಕಾ ಅವರನ್ನು ಕೇಳಿದ್ದೆ. ಅವಸರ ಏನಿದೆ, ದಿನಾ ಕೂತರೆ ಆಗುತ್ತದೆ ಎಂದರು. ಈಗ ಎಣ್ಣೆಯ ದಿನ ನಾವಿಬ್ಬರೂ ಎದುರುಬದುರು ತುದಿಯಿಂದ ಉಜ್ಜುತ್ತ ಬರುತ್ತೇವೆ. ನಡುವಿನಲ್ಲಿ ಎಲ್ಲೋ ಕೈಗೆ ಕೈ ತಾಗುತ್ತದೆ. ಆಗ ಸಾಕು ಎಂದು ನಿಲ್ಲಿಸುತ್ತೇವೆ.